ಸಿ ಪ್ರೋಗ್ರಾಂ ತಪಾಸಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದಿಂದ ಬಂದ ಪತ್ರಗಳಲ್ಲಿ ಈ ಸಲ ಸಿ ಭಾಷೆಯದೇ ಕಾರುಬಾರು. ಪ್ರೋಗ್ರಾಂ ಓಡಿಸದೆ, ಬರೆದ ಕೋಡನ್ನು ಓದಿಯೇ ತಪ್ಪು ತೋರಿಸುವ ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್‌ಗಳು ವಿಂಡೋಸ್, ಲಿನಕ್ಸ್, ಮ್ಯಾಕ್‌ನಲ್ಲಿ ಯಾವುವು, ಹೇಗೆ ಹಾಕಿಕೊಳ್ಳುವುದು ಎಂಬುದೇ ಎಲ್ಲರ ಕೇಳಿಕೆ. ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಬರೆದಿದ್ದೇವೆ.

ಪ್ರಶ್ನೆ: ನಮ್ಮ ಲ್ಯಾಬ್‌ನಲ್ಲಿ ಇನ್ನೂ ಡಾಸ್‌ಬಾಕ್ಸ್ (ಹಳೆಯ ಡಾಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಒಳಗೆ ಟರ್ಬೊ ಸಿ ಎಂಬ ಹಳೆಯ ಕಂಪೈಲರ್. ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್, ಕೋಡ್ ಬರೆಯಲು ಕೋಡ್‌ಬ್ಲಾಕ್ಸ್. ಅಡಿಕೆ ಮಂಡಿ ಲೆಕ್ಕದ ಮಿನಿ ಪ್ರಾಜೆಕ್ಟ್ ಲ್ಯಾಬ್‌ನಲ್ಲಿ ಸರಿಯಾಗಿ ಓಡುತ್ತದೆ, ಮನೆಯಲ್ಲಿ ಒಮ್ಮೊಮ್ಮೆ ಒಟ್ಟು ಮೊತ್ತ ಏನೇನೋ ಬರುತ್ತದೆ. ದುಡ್ಡು ಕೊಡದೆ ಸಿಗುವ ತಪಾಸಣೆ ಟೂಲ್ ಯಾವುದು?
— ಬಿಸಿಎ ವಿದ್ಯಾರ್ಥಿನಿ, ಸಾಗರ

ಉತ್ತರ: ಸಿಪಿಪಿಚೆಕ್‌ನಿಂದ ಶುರು ಮಾಡಿ. ಸಿ, ಪಿ, ಪಿ ಅಕ್ಷರಗಳಿಗೆ ಅಂಟಿಕೊಂಡು ಚೆಕ್, ಒಂದೇ ಪದ. ಪುಕ್ಕಟೆ, ಓಪನ್ ಸೋರ್ಸ್, 2007ರಿಂದ ಬೆಳೆದು ಬಂದದ್ದು. ವಿಂಡೋಸ್‌ಗೆ ಎಂಎಸ್‌ಐ ಇನ್‌ಸ್ಟಾಲರ್ ಇದೆ, ಜೊತೆಗೆ ಕಿಟಕಿ-ಮೆನು ಇರುವ ಆವೃತ್ತಿಯೂ ಬರುತ್ತದೆ. ಅದನ್ನು ತೆರೆದು ಅನಲೈಜ್ ಮೆನುವಿನಲ್ಲಿ ಡೈರೆಕ್ಟರಿ ಆರಿಸಿ ನಿಮ್ಮ ಫೋಲ್ಡರ್ ತೋರಿಸಿದರೆ ಆಯಿತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಓಡಿಸುವಾಗ "ಇಂಥ ಕಮಾಂಡ್ ಇಲ್ಲ" ಎಂದರೆ ಪ್ರೋಗ್ರಾಂ ಫೈಲ್ಸ್ ಒಳಗಿನ ಸಿಪಿಪಿಚೆಕ್ ಫೋಲ್ಡರ್ ಪಾತ್‌ಗೆ (ವಿಂಡೋಸ್ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಲ್ಲ ಎಂದರ್ಥ. ಸೇರಿಸಿ, ಪ್ರಾಂಪ್ಟ್ ಮುಚ್ಚಿ ಮತ್ತೆ ತೆರೆಯಿರಿ.

ಇದನ್ನೇ ಮೊದಲು ಹೇಳಲು ಕಾರಣವಿದೆ. ಟರ್ಬೊ ಸಿ ಕೋಡಿನಲ್ಲಿ ಕೊನಿಯೊ ಹೆಡರ್, ಕ್ಲಿಯರ್‌ಸ್ಕ್ರೀನ್, ವಾಯ್ಡ್ ಮೇನ್ ಇರುತ್ತವೆ. ಕಂಪೈಲರ್ ಜೊತೆ ಬೆಸೆದುಕೊಂಡ ಟೂಲ್‌ಗಳು ಕೋಡ್ ಕಂಪೈಲ್ ಆಗದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಸಿಪಿಪಿಚೆಕ್‌ಗೆ ಹೆಡರ್ ಸಿಗದಿದ್ದರೂ ನಡೆಯುತ್ತದೆ, ಹೆಡರ್ ಸಿಗಲಿಲ್ಲ ಎಂಬ ಮಾಹಿತಿ ಬಂದರೂ ಅದು ತಪ್ಪಲ್ಲ. ಆದರೆ ಹ್ಯೂಜ್, ಇಂಟರಪ್ಟ್‌ನಂಥ ಟರ್ಬೊ ಸಿಯ ಸ್ವಂತ ಪದಗಳಿದ್ದರೆ ಸಿಂಟ್ಯಾಕ್ಸ್ ಎರರ್ ಎಂದು ಆ ಫೈಲನ್ನು ಅಲ್ಲಿಗೇ ಬಿಟ್ಟುಬಿಡಬಹುದು. ಆಗ ಹೈಫನ್, ದೊಡ್ಡಕ್ಷರದ ಡಿ, ಅದಕ್ಕೆ ಅಂಟಿಸಿ ಆ ಪದ ಮತ್ತು = ಚಿಹ್ನೆ ಕೊಡಿ. ಪದ ಖಾಲಿಯಾಗುತ್ತದೆ, ಓದು ಮುಂದುವರಿಯುತ್ತದೆ.

ಮೊತ್ತದ ವಿಷಯಕ್ಕೆ ಬರೋಣ. ನೀವು ಕಳಿಸಿದ ಕೋಡಿನಲ್ಲಿ ದರ ಎಂಬ ಅರೇಗೆ 4 ಜಾಗ: ರಾಶಿ, ಬೆಟ್ಟೆ, ಸರಕು, ಗೊರಬಲು. ಕೂಡಿಸುವ ಲೂಪು ಹೀಗಿದೆ: ಐ = 0; ಐ <= 4; ಐ++. ಅರೇಯ ಜಾಗಗಳು 0ಯಿಂದ 3. ಲೂಪು 4ನೆಯದಕ್ಕೂ ಕೈಹಾಕುತ್ತದೆ. ಅಲ್ಲಿ ಏನು ಬಿದ್ದಿದೆಯೋ ಅದೂ ಮೊತ್ತಕ್ಕೆ ಸೇರುತ್ತದೆ. ಲ್ಯಾಬ್‌ನಲ್ಲಿ ಅಲ್ಲಿ ಸೊನ್ನೆ ಇದ್ದಿರಬೇಕು, ಮನೆಯಲ್ಲಿ ಬೇರೆ ಏನೋ. ಸಿಪಿಪಿಚೆಕ್ ಇದನ್ನು ಯಾವ ಆಯ್ಕೆಯನ್ನೂ ಕೊಡದೆ ಹಿಡಿಯುತ್ತದೆ: 4 ಜಾಗದ ಅರೇಯನ್ನು 4ನೇ ಇಂಡೆಕ್ಸ್‌ನಲ್ಲಿ ಮುಟ್ಟಿದ್ದೀರಿ, ಅದು ಮಿತಿಯ ಆಚೆ, ಎಂದು ಸಾಲಿನ ಸಂಖ್ಯೆ ಸಮೇತ. ಚಿಹ್ನೆಯನ್ನು < ಮಾಡಿದರೆ ಮುಗಿಯಿತು.

ಇಲ್ಲೇ ಒಂದು ಸೂಕ್ಷ್ಮ. ಅದೇ ತಪ್ಪು ಲೂಪಿನಲ್ಲಿ ದರ ಓದಿಕೊಳ್ಳಲು ಸ್ಕ್ಯಾನ್‌ಎಫ್‌ಗೆ &ದರ[ಐ] ಕೊಟ್ಟಿದ್ದರೆ ಟೂಲ್ ಸುಮ್ಮನಿರಬಹುದು. ಅರೇ ಮುಗಿದ ಮೇಲಿನ ಮೊದಲ ಜಾಗದ ವಿಳಾಸ ತೆಗೆಯುವುದು ಸಿ ನಿಯಮದ ಪ್ರಕಾರ ತಪ್ಪಲ್ಲ. ಅಲ್ಲಿಗೆ ಬರೆಯುವುದು ತಪ್ಪು, ಅದು ಸ್ಕ್ಯಾನ್‌ಎಫ್ ಒಳಗೆ ನಡೆಯುತ್ತದೆ. ಆದ್ದರಿಂದ ಒಂದು ಲೂಪಿನಲ್ಲಿ ಎರರ್ ಬಂದರೆ ಅದೇ ಅರೇ ಬಳಸುವ ಉಳಿದ ಲೂಪುಗಳನ್ನೂ ಕಣ್ಣಾರೆ ನೋಡಿ.

ಟರ್ಬೊ ಸಿಯಲ್ಲಿ ಇಂಟ್ ಎಂದರೆ 16 ಬಿಟ್, ಹೆಚ್ಚೆಂದರೆ 32,767. ರಾಶಿ ದರ 45,000 ಎಂದು ಇಂಟ್‌ಗೆ ತುಂಬಿದರೆ ಅದು −20,536 ಆಗಿ ಕೂರುತ್ತದೆ. ನೀವು ಲಾಂಗ್ ಬಳಸಿದ್ದೀರಿ, ಬದುಕಿಕೊಂಡಿರಿ. ಪ್ರೋಗ್ರಾಂ ಮುಗಿದ ಮೇಲೆ ಟರ್ಬೊ ಸಿ "ನಲ್ ಪಾಯಿಂಟರ್ ಅಸೈನ್‌ಮೆಂಟ್" ಎಂದು ಒಂದು ಸಾಲು ತೋರಿಸಿದರೆ ಅದನ್ನು ಕಡೆಗಣಿಸಬೇಡಿ. ಡಾಸ್‌ನಲ್ಲಿ ಮೆಮೊರಿಗೆ ಕಾವಲಿಲ್ಲ, ಪ್ರೋಗ್ರಾಂ ಎಲ್ಲೋ ಬರೆದು ಹಾಳುಮಾಡಿದರೂ ಸಾಯುವುದಿಲ್ಲ. ವಿಂಡೋಸ್‌ನಲ್ಲಿ ಅದೇ ಕೋಡ್ ಥಟ್ಟನೆ ಮುಚ್ಚಿಕೊಳ್ಳುವುದು ಇದಕ್ಕೇ.

ಎರಡನೇ ಹಂತಕ್ಕೆ, ನೆಟ್ ಮತ್ತು ಡಿಸ್ಕ್ ಜಾಗ ಇದ್ದರೆ, ವಿಷುವಲ್ ಸ್ಟುಡಿಯೊ ಕಮ್ಯುನಿಟಿ. ವಿದ್ಯಾರ್ಥಿಗಳಿಗೆ ಪುಕ್ಕಟೆ, ಆದರೆ ಗಿಗಾಬೈಟ್‌ಗಟ್ಟಲೆ ಡೌನ್‌ಲೋಡ್. ಡೆವಲಪರ್ ಕಮಾಂಡ್ ಪ್ರಾಂಪ್ಟ್ ತೆರೆದು ಸಿಎಲ್ ಕಮಾಂಡಿಗೆ /ಡಬ್ಲ್ಯೂ4 (ದೊಡ್ಡಕ್ಷರ) ಮತ್ತು /ಅನಲೈಜ್ ಎಂಬೆರಡು ಆಯ್ಕೆ, ಬಳಿಕ ಫೈಲ್ ಹೆಸರು. ಬರುವ ಸಂದೇಶಗಳಲ್ಲಿ 6ರಿಂದ ಶುರುವಾಗುವ ನಾಲ್ಕಂಕಿಯ ಸಂಖ್ಯೆಗಳು ಅನಲೈಜರ್‌ನವು. 6011 ಎಂದರೆ ನಲ್ ಆಗಿರಬಹುದಾದ ಪಾಯಿಂಟರ್ ಬಳಕೆ, 6001 ಬೆಲೆ ಕೊಡದ ವೇರಿಯಬಲ್ ಬಳಕೆ, 6386 ಬಫರ್ ಆಚೆ ಬರಹ, 6031 ಫಂಕ್ಷನ್ ಕೊಟ್ಟ ಉತ್ತರವನ್ನು ನೋಡದೆ ಬಿಟ್ಟದ್ದು. ಸ್ಕ್ಯಾನ್‌ಎಫ್ ಬಳಸಿದ ಕಡೆಯೆಲ್ಲ ಬರುವ 4996 ಬೇರೆ ಜಾತಿ. ಅದು "ನಮ್ಮ ಹೊಸ ಫಂಕ್ಷನ್ ಬಳಸಿ" ಎಂಬ ಮೈಕ್ರೋಸಾಫ್ಟ್ ಸಲಹೆ. ಮತ್ತೊಂದು: ಹೊಸ ಫೈಲ್ ಸೇರಿಸಿದಾಗ ವಿಷುವಲ್ ಸ್ಟುಡಿಯೊ ಡಾಟ್ ಸಿಪಿಪಿ ಎಂಬ ಹೆಸರು ಕೊಡುತ್ತದೆ. ಡಾಟ್ ಸಿ ಎಂದು ಬದಲಿಸದಿದ್ದರೆ ಅದು ಸಿ ಪ್ಲಸ್ ಪ್ಲಸ್ ಆಗಿ ಕಂಪೈಲ್ ಆಗಿ, ಮ್ಯಾಲಕ್ (ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಇದ್ದ ಕಡೆಯೆಲ್ಲ ಸಂಬಂಧವಿಲ್ಲದ ಎರರ್‌ಗಳು ಬರುತ್ತವೆ.

ಪ್ರಶ್ನೆ: ಉಬುಂಟು ಬಳಸುತ್ತೇನೆ. ಜಿಸಿಸಿ ಕಂಪೈಲರ್‌ನಲ್ಲೇ ಅನಲೈಜರ್ ಇದೆ ಎಂದು ಓದಿ ಓಡಿಸಿದರೆ ಅಂಥ ಆಯ್ಕೆಯೇ ಇಲ್ಲ ಎನ್ನುತ್ತದೆ. ಸ್ಕ್ಯಾನ್-ಬಿಲ್ಡ್ ಓಡಿಸಿದರೆ ಪ್ರತಿ ಸಲವೂ ತಪ್ಪಿಲ್ಲ ಎನ್ನುತ್ತದೆ, ಬೇಕೆಂದೇ ತಪ್ಪು ಬರೆದರೂ! ಯಾವುದನ್ನು ನಂಬಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ನವುಲೆ, ಶಿವಮೊಗ್ಗ

ಉತ್ತರ: ಎರಡಕ್ಕೂ ಬೇರೆ ಬೇರೆ ಕಾರಣ.

ಜಿಸಿಸಿಯ -ಎಫ್‌ಅನಲೈಜರ್ 2020ರಲ್ಲಿ ಬಂದ 10ನೇ ಆವೃತ್ತಿಯಿಂದ ಇದೆ. ಉಬುಂಟು 20.04ರ ಜಿಸಿಸಿ 9, ಹಾಗಾಗಿ ಅದರಲ್ಲಿ ಇಲ್ಲ. 22.04ರಲ್ಲಿ 11, 24.04ರಲ್ಲಿ 13. ಹೊಸದಾದಷ್ಟೂ ಸುಳ್ಳು ಎಚ್ಚರಿಕೆ ಕಡಿಮೆ, ಆದ್ದರಿಂದ ಸಾಧ್ಯವಾದರೆ 24.04ಕ್ಕೇ ಹೋಗಿ. ವಿಂಡೋಸ್‌ನಲ್ಲಿ ಕೋಡ್‌ಬ್ಲಾಕ್ಸ್ 20.03 ಜೊತೆ ಬರುವುದು ಜಿಸಿಸಿ 8.1, ಅಲ್ಲೂ ಇಲ್ಲ. ವಿಂಡೋಸ್‌ನಲ್ಲೇ ಹೊಸ ಜಿಸಿಸಿ ಬೇಕಾದವರು ಎಂಸಿಸ್2 ಎಂಬ ಪ್ಯಾಕೇಜ್ ಸಂಗ್ರಹ ಹಾಕಿಕೊಳ್ಳಬಹುದು.

ಓಡಿಸುವ ಸಾಲು: ಜಿಸಿಸಿ -ವಾಲ್ -ವೆಕ್ಸ್‌ಟ್ರಾ -ಓ2 -ಎಫ್‌ಅನಲೈಜರ್, ಬಳಿಕ ಫೈಲ್ ಹೆಸರು. ವಾಲ್, ವೆಕ್ಸ್‌ಟ್ರಾ ಎರಡರಲ್ಲೂ ಮೊದಲ ಡಬ್ಲ್ಯೂ ದೊಡ್ಡದು, ಓ ಕೂಡ ದೊಡ್ಡದು. ಓ2 ಯಾಕೆಂದರೆ, ಬೆಲೆ ಕೊಡದ ವೇರಿಯಬಲ್ "ಇರಬಹುದು" ಎಂಬ ಎಚ್ಚರಿಕೆ ಆಪ್ಟಿಮೈಸೇಶನ್ ಇಲ್ಲದೆ ಬರುವುದೇ ಇಲ್ಲ.

ಅನಲೈಜರ್ ಹೇಳುವುದನ್ನು ಓದಲು ಕಲಿಯಬೇಕು. ಒಂದು ಫಂಕ್ಷನ್ ಇದೆ ಎನ್ನಿ. ಮೊದಲು ಮ್ಯಾಲಕ್‌ನಿಂದ ಬಫರ್ ಪಡೆಯುತ್ತದೆ, ಆಮೇಲೆ ಎಫ್‌ಓಪನ್‌ನಿಂದ ಫೈಲ್ ತೆರೆಯುತ್ತದೆ, ಫೈಲ್ ಸಿಗದಿದ್ದರೆ −1 ಹಿಂತಿರುಗಿಸುತ್ತದೆ. ಕೊನೆಯಲ್ಲಿ ಆ ಮೆಮೊರಿ ಬಿಟ್ಟುಕೊಡುವ ಫ್ರೀ ಇದೆ. ಜಿಸಿಸಿ ಒಂದೊಂದೇ ಹೆಜ್ಜೆಗೆ ನಂಬರ್ ಹಾಕಿ ದಾರಿ ತೋರಿಸುತ್ತದೆ: (1) ಇಲ್ಲಿ ಮೆಮೊರಿ ಪಡೆದಿರಿ, (2) ಬಫರ್ ನಲ್ ಅಲ್ಲ ಎಂದುಕೊಳ್ಳೋಣ, (3) ಫೈಲ್ ನಲ್ ಆಗಿದ್ದರೆ ಈ ಕವಲಿಗೆ, (4) ಇಲ್ಲಿ ಹಿಂತಿರುಗಿದಿರಿ, 1ರಲ್ಲಿ ಪಡೆದದ್ದು ಸೋರಿತು. ಕೊನೆಯಲ್ಲಿ ಸಿಡಬ್ಲ್ಯೂಇ-401 ಎಂಬ ಗುರುತು. ಅದು ಮೆಮೊರಿ ಸೋರಿಕೆಗೆ ಕೊಟ್ಟ ಅಂತರರಾಷ್ಟ್ರೀಯ ನಂಬರ್. 415 ಎಂದರೆ ಎರಡು ಸಲ ಫ್ರೀ, 416 ಫ್ರೀ ಮಾಡಿದ ಮೇಲೆ ಬಳಕೆ, 476 ನಲ್ ಪಾಯಿಂಟರ್. ಈ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಓದಿ, ಬೇಗ ಅರ್ಥವಾಗುತ್ತದೆ. "ಈ ಕವಲು ನನ್ನ ಪ್ರೋಗ್ರಾಂನಲ್ಲಿ ನಿಜಕ್ಕೂ ಸಾಧ್ಯವೇ?" ಎಂದು ಪ್ರತಿ ಹೆಜ್ಜೆಗೂ ಕೇಳಿಕೊಳ್ಳಿ. ಒಂದು ಹೆಜ್ಜೆ ಅಸಾಧ್ಯ ಎಂದಾದರೆ ಎಚ್ಚರಿಕೆಯೇ ಸುಳ್ಳು.

ಇನ್ನು ಸ್ಕ್ಯಾನ್-ಬಿಲ್ಡ್. ಇದು ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್‌ನ ಅನಲೈಜರ್‌ಗೆ ಹೊದಿಕೆ. ಉಬುಂಟುವಿನಲ್ಲಿ ಕ್ಲಾಂಗ್-ಟೂಲ್ಸ್ ಎಂಬ ಪ್ಯಾಕೇಜಿನಲ್ಲಿದೆ, ಕ್ಲಾಂಗ್-ಟೈಡಿ (ಅದೇ ಬಳಗದ ಇನ್ನೊಂದು ತಪಾಸಣೆ ಟೂಲ್) ಬೇರೆ ಪ್ಯಾಕೇಜ್. ಫೆಡೋರಾದಲ್ಲಿ ಹೆಸರು ಬದಲು: ಸ್ಕ್ಯಾನ್-ಬಿಲ್ಡ್ ಇರುವುದು ಕ್ಲಾಂಗ್-ಅನಲೈಜರ್‌ನಲ್ಲಿ, ಟೈಡಿ ಇರುವುದು ಕ್ಲಾಂಗ್-ಟೂಲ್ಸ್-ಎಕ್ಸ್‌ಟ್ರಾದಲ್ಲಿ. ಸ್ಕ್ಯಾನ್-ಬಿಲ್ಡ್, ಮೇಕ್ (ಫೈಲ್‌ಗಳನ್ನು ಸಾಲಾಗಿ ಕಂಪೈಲ್ ಮಾಡಿಸುವ ಕಮಾಂಡ್) ನಡೆಯುವಾಗ ಕಂಪೈಲರ್‌ನ ಜಾಗದಲ್ಲಿ ತಾನು ನಿಂತು ಪ್ರತಿ ಫೈಲನ್ನೂ ನೋಡುತ್ತದೆ. ಹಾಗಾಗಿ ಎರಡು ಕಡೆ ಕೈಕೊಡುತ್ತದೆ. ಆಗಲೇ ಮೇಕ್ ಆಗಿದ್ದರೆ ಕಂಪೈಲ್ ಮಾಡಲು ಏನೂ ಉಳಿದಿಲ್ಲ, ನೋಡಲೂ ಏನಿಲ್ಲ, "ತಪ್ಪಿಲ್ಲ" ಎನ್ನುತ್ತದೆ. ಪ್ರತಿ ಸಲ ಮೊದಲು ಮೇಕ್ ಕ್ಲೀನ್. ಎರಡನೆಯದು ನಿಮ್ಮ ಮೇಕ್‌ಫೈಲ್‌ನಲ್ಲಿ ಇರುವಂಥದ್ದು: ಸಿಸಿ = ಜಿಸಿಸಿ ಎಂದು ಗಟ್ಟಿಯಾಗಿ ಬರೆದುಬಿಟ್ಟಿದ್ದೀರಿ. ಸ್ಕ್ಯಾನ್-ಬಿಲ್ಡ್ ತನ್ನ ಹೆಸರನ್ನು ಸಿಸಿ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟರೂ ಮೇಕ್‌ಫೈಲ್ ಅದನ್ನು ಅಳಿಸಿ ಜಿಸಿಸಿಯನ್ನೇ ಕರೆಯುತ್ತದೆ. ಆ ಸಾಲು ತೆಗೆಯಿರಿ, ಇಲ್ಲವೇ ಸ್ಕ್ಯಾನ್-ಬಿಲ್ಡ್ ಮೇಕ್ -ಇ ಎಂದು ಓಡಿಸಿ. ಹೈಫನ್ ಇ ಕೊಟ್ಟರೆ ಎನ್ವಿರಾನ್‌ಮೆಂಟ್‌ನ ಮಾತೇ ಮೇಲು.

ಬೇಕೆಂದೇ ತಪ್ಪು ಬರೆದು ನೋಡಿದಿರಲ್ಲ, ಅದು ಒಳ್ಳೆಯ ಕೆಲಸ. ಹೊಸ ಟೂಲ್ ಹಾಕಿದ ಯಾರೇ ಆಗಲಿ, ಎರಡು ಸಲ ಫ್ರೀ ಮಾಡುವ ನಾಲ್ಕು ಸಾಲಿನ ಫೈಲ್ ಕೊಟ್ಟು ಅದು ಕೂಗುತ್ತದೆಯೇ ಎಂದು ಮೊದಲು ನೋಡಬೇಕು.

ಯಾವುದನ್ನು ನಂಬಲಿ ಎಂದರೆ, ಒಂದನ್ನೇ ನಂಬಬೇಡಿ. ಸಿಪಿಪಿಚೆಕ್, ಜಿಸಿಸಿ, ಕ್ಲಾಂಗ್ ಮೂರೂ ಬೇರೆ ಬೇರೆ ತಪ್ಪು ಹಿಡಿಯುತ್ತವೆ. ಜಿಸಿಸಿ, ಕ್ಲಾಂಗ್ ಎರಡೂ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು ಸಿ ಫೈಲನ್ನಷ್ಟೇ ನೋಡುತ್ತವೆ. ಒಂದು ಫೈಲ್‌ನಲ್ಲಿ ಪಡೆದ ಮೆಮೊರಿಯನ್ನು ಇನ್ನೊಂದು ಫೈಲ್ ಫ್ರೀ ಮಾಡುವ ಕೋಡಿನಲ್ಲಿ ಅವುಗಳ ಮೌನಕ್ಕೆ ಬೆಲೆ ಕಡಿಮೆ.

ಪ್ರಶ್ನೆ: ಕಂಪನಿ ಕೆಲಸ ಊರಿಂದಲೇ, ಮ್ಯಾಕ್‌ಬುಕ್ ಕೊಟ್ಟಿದ್ದಾರೆ. ಜಿಸಿಸಿ ಇದೆ, ಆದರೆ -ಎಫ್‌ಅನಲೈಜರ್ ಇಲ್ಲ. ಕ್ಲಾಂಗ್-ಟೈಡಿ ಹಾಕಿದರೆ ಸ್ಟಾಂಡರ್ಡ್ ಐಒ ಹೆಡರೇ ಇಲ್ಲ ಎನ್ನುತ್ತದೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಮ್ಯಾಕ್‌ನಲ್ಲಿ ಜಿಸಿಸಿ ಎಂದು ಟೈಪ್ ಮಾಡಿದರೆ ಓಡುವುದು ಆಪಲ್‌ನ ಕ್ಲಾಂಗ್. ಜಿಸಿಸಿ --ವರ್ಷನ್ ಕೊಟ್ಟು ನೋಡಿ, ಅದೇ ಬಾಯಿಬಿಡುತ್ತದೆ. ಹೋಂಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್‌ನಿಂದ ನಿಜವಾದ ಜಿಸಿಸಿ ಹಾಕಿದರೂ ಅದರ ಹೆಸರಿನ ಕೊನೆಗೆ ಆವೃತ್ತಿ ಸಂಖ್ಯೆ ಇರುತ್ತದೆ, ಹಾಗೇ ಕರೆಯಬೇಕು.

ಆದರೆ ಅದರ ಅಗತ್ಯ ಅಷ್ಟಿಲ್ಲ. ಎಕ್ಸ್‌ಕೋಡ್ ಇದ್ದರೆ ಪ್ರಾಡಕ್ಟ್ ಮೆನುವಿನಲ್ಲಿ ಅನಲೈಜ್ ಒತ್ತಿ. ಕ್ಲಾಂಗ್ ಅನಲೈಜರ್ ಓಡಿ, ತಪ್ಪಿನ ದಾರಿಯನ್ನು ಕೋಡಿನ ಮೇಲೆಯೇ ಬಾಣದ ಗೆರೆ ಎಳೆದು ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಚೆಂದದ ತೋರಿಕೆ ಬೇರೆ ಕಡೆ ಇಲ್ಲ. ಬರೀ ಕಮಾಂಡ್ ಲೈನ್ ಟೂಲ್ಸ್ ಇದ್ದರೆ ಕ್ಲಾಂಗ್ --ಅನಲೈಜ್, ಫೈಲ್ ಹೆಸರು. ಪಕ್ಕದಲ್ಲಿ ಡಾಟ್ ಪಿಲಿಸ್ಟ್ ಎಂಬ ಫೈಲ್ ಹುಟ್ಟಿಕೊಳ್ಳುತ್ತದೆ. ಅದು ಬೇಡವೆಂದರೆ --ಅನಲೈಜರ್-ಔಟ್‌ಪುಟ್ ಟೆಕ್ಸ್ಟ್ ಸೇರಿಸಿ, ದಾರಿಯೆಲ್ಲ ಪರದೆಗೇ ಬರುತ್ತದೆ.

ಕ್ಲಾಂಗ್-ಟೈಡಿಯನ್ನು ಆಪಲ್ ಕೊಡುವುದಿಲ್ಲ. ಬ್ರೂ ಇನ್‌ಸ್ಟಾಲ್ ಎಲ್‌ಎಲ್‌ವಿಎಂ ಎಂದರೆ ಬರುತ್ತದೆ, ಆದರೆ ಆಪಲ್‌ನ ಕ್ಲಾಂಗ್ ಜೊತೆ ಜಗಳವಾಗದಿರಲೆಂದು ಹೋಂಬ್ರೂ ಅದನ್ನು ಪಾತ್‌ಗೆ ಸೇರಿಸುವುದಿಲ್ಲ. ಎಂ ಸರಣಿಯ ಚಿಪ್ ಇದ್ದರೆ /ಆಪ್ಟ್/ಹೋಂಬ್ರೂ/ಆಪ್ಟ್/ಎಲ್‌ಎಲ್‌ವಿಎಂ/ಬಿನ್ ಒಳಗೆ, ಇಂಟೆಲ್ ಆದರೆ /ಯುಎಸ್‌ಆರ್/ಲೋಕಲ್/ಆಪ್ಟ್/ಎಲ್‌ಎಲ್‌ವಿಎಂ/ಬಿನ್ ಒಳಗೆ ಹುಡುಕಿ. ಹೆಡರ್ ಸಿಗದಿರಲು ಕಾರಣ, ಆಪಲ್‌ನ ಹೆಡರ್‌ಗಳು ಎಸ್‌ಡಿಕೆ (ಆಪಲ್‌ನ ಅಭಿವೃದ್ಧಿ ಕಡತಗಳ ಕಟ್ಟು) ಒಳಗೆ ಅಡಗಿವೆ, ಹೊರಗಿನ ಟೈಡಿಗೆ ಆ ವಿಳಾಸ ತಿಳಿಯದು. ಎಕ್ಸ್‌ಸಿರನ್ --ಶೋ-ಎಸ್‌ಡಿಕೆ-ಪಾತ್ ಎಂದರೆ ವಿಳಾಸ ಬರುತ್ತದೆ. ಟೈಡಿ ಸಾಲಿನ ಕೊನೆಗೆ ಎರಡು ಹೈಫನ್, ಒಂದು ಖಾಲಿ ಜಾಗ, ಬಳಿಕ -ಐಸಿಸ್‌ರೂಟ್ ಮತ್ತು ಆ ವಿಳಾಸ. ಆ ಎರಡು ಹೈಫನ್ನಿನ ಆಚೆಗೆ ಬರೆದದ್ದೆಲ್ಲ ಕಂಪೈಲರ್‌ಗೆ ಹೋಗುವ ಆಯ್ಕೆಗಳು. ಲಿನಕ್ಸ್‌ನಲ್ಲೂ ಇದೇ ಕ್ರಮ.

ಪ್ರಶ್ನೆ: ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಲೆಕ್ಕಕ್ಕೆ ತೋಟದಲ್ಲಿ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು ಮಳೆ ಅಳೆಯುತ್ತಿದ್ದೇವೆ, ಮಳೆಮಾಪಕದ ಪುಟ್ಟ ಬಕೆಟ್ ಒಂದು ಸಲ ಮಗುಚಿದರೆ 0.2 ಮಿ.ಮೀ. ಮಗ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿದಾಗ ಸರಿ ಇತ್ತು. ಬೋರ್ಡಿಗೆ ಹಾಕಿದ ಮೇಲೆ ಮೊದಲ ಓದು ಬರುತ್ತದೆ, ಆಮೇಲೆ ಗಪ್‌ಚುಪ್. ಯಾವ ಎರರೂ ಇಲ್ಲ. ಇದನ್ನು ಹಿಡಿಯುವ ಟೂಲ್ ಇದೆಯೇ?
— ಅಡಿಕೆ ಬೆಳೆಗಾರ, ಹೊಸನಗರ ತಾಲೂಕು

ಉತ್ತರ: ಇದೆ, ಅದೂ ನಿಮ್ಮ ಆರ್ಡುಯಿನೊ ತಂತ್ರಾಂಶದಲ್ಲೇ. ಬಾಯಿ ಮುಚ್ಚಿಸಿ ಇಟ್ಟಿದ್ದಾರೆ ಅಷ್ಟೆ.

ನೀವು ಕಳಿಸಿದ ಕೋಡಿನಲ್ಲಿ ಒಂದು ನಿಮಿಷ ಕಾಯಲು ಡಿಲೇ(60 * 1000) ಎಂದಿದೆ. ಲ್ಯಾಪ್‌ಟಾಪ್‌ನಲ್ಲಿ ಇಂಟ್ 32 ಬಿಟ್, 60,000 ಸಲೀಸಾಗಿ ಹಿಡಿಯುತ್ತದೆ. ಊನೊದ ಎಟಿಮೆಗಾ328 ಚಿಪ್ಪಿನಲ್ಲಿ ಇಂಟ್ 16 ಬಿಟ್. 60, 1000 ಎರಡೂ ಇಂಟ್ ಆದ್ದರಿಂದ ಗುಣಾಕಾರವೂ 16 ಬಿಟ್‌ನಲ್ಲೇ ನಡೆದು −5,536 ಆಗುತ್ತದೆ. ಡಿಲೇ ಋಣ ಸಂಖ್ಯೆ ತೆಗೆದುಕೊಳ್ಳುವುದಿಲ್ಲ, ಅದು 32 ಬಿಟ್ ಧನ ಸಂಖ್ಯೆಯಾಗಿ ತಿರುಗಿ 4,294,961,760 ಮಿಲಿಸೆಕೆಂಡ್ ಆಗುತ್ತದೆ. ಹೆಚ್ಚುಕಮ್ಮಿ 49 ದಿನ 17 ಗಂಟೆ. ಯಂತ್ರ ಕೆಟ್ಟಿಲ್ಲ, ಕಾಯುತ್ತಾ ಕೂತಿದೆ. ತಮಾಷೆಯೆಂದರೆ ನೇರವಾಗಿ 60000 ಎಂದೇ ಬರೆದಿದ್ದರೆ ಕಂಪೈಲರ್ ತಾನೇ ಅದನ್ನು ಲಾಂಗ್ ಎಂದು ಎಣಿಸುತ್ತಿತ್ತು, ಸಮಸ್ಯೆಯೇ ಇರುತ್ತಿರಲಿಲ್ಲ. 60ರ ಬೆನ್ನಿಗೆ ಯುಎಲ್ ಅಕ್ಷರಗಳನ್ನು ದೊಡ್ಡದಾಗಿ ಅಂಟಿಸಿ, ಗುಣಾಕಾರ 32 ಬಿಟ್‌ನಲ್ಲಿ ಆಗುತ್ತದೆ.

ಆರ್ಡುಯಿನೊ ಐಡಿಇಯಲ್ಲಿ ಫೈಲ್, ಪ್ರಿಫರೆನ್ಸಸ್, ಅಲ್ಲಿ ಕಂಪೈಲರ್ ವಾರ್ನಿಂಗ್ಸ್ ಎಂಬಲ್ಲಿ "ನನ್" ಎಂದಿರುತ್ತದೆ. ಅದನ್ನು "ಆಲ್" ಮಾಡಿ ಮತ್ತೆ ಕಂಪೈಲ್ ಮಾಡಿ. ಈ ಸಾಲಿಗೇ ಓವರ್‌ಫ್ಲೋ ಎಂಬ ಎಚ್ಚರಿಕೆ ಬರುತ್ತದೆ. ಸಿಪಿಪಿಚೆಕ್‌ನಲ್ಲಿ ನೋಡುವುದಾದರೆ --ಪ್ಲಾಟ್‌ಫಾರ್ಮ್=ಎವಿಆರ್8 ಮತ್ತು --ಲ್ಯಾಂಗ್ವೇಜ್=ಸಿ++ ಎರಡನ್ನೂ ಕೊಡಿ. ಮೊದಲನೆಯದನ್ನು ಮರೆತರೆ ಅದು ಲ್ಯಾಪ್‌ಟಾಪ್‌ನ ಅಳತೆಯಲ್ಲೇ ನೋಡಿ ಎಲ್ಲ ಸರಿ ಎನ್ನುತ್ತದೆ. ಎರಡನೆಯದು ಏಕೆಂದರೆ ಡಾಟ್ ಐಎನ್‌ಒ ಫೈಲ್ ಒಳಗಿಂದ ಸಿ ಪ್ಲಸ್ ಪ್ಲಸ್. ಪ್ಲಾಟ್‌ಫಾರ್ಮ್‌ಐಒ ಎಂಬ ಬೋರ್ಡ್ ಕೋಡಿಂಗ್ ತಂತ್ರಾಂಶ ಬಳಸುವವರಿಗೆ ಪಿಯೊ ಚೆಕ್ ಎಂದರೆ ಸಾಕು, ಅದು ಸಿಪಿಪಿಚೆಕ್ಕನ್ನೇ ಕರೆಯುತ್ತದೆ. ಲೈಬ್ರರಿಗಳ ಗದ್ದಲ ಬೇಡವೆಂದರೆ ಪ್ಲಾಟ್‌ಫಾರ್ಮ್‌ಐಒ ಡಾಟ್ ಐಎನ್‌ಐ ಫೈಲಿನಲ್ಲಿ ಚೆಕ್_ಸ್ಕಿಪ್_ಪ್ಯಾಕೇಜಸ್ = ಯೆಸ್ ಎಂಬ ಸಾಲು.

ಟೂಲ್ ಹಿಡಿಯದ ಮೂರು ವಿಷಯ ನಿಮ್ಮ ಕೋಡಿನಲ್ಲಿವೆ. ಮಗುಚಿದ ಲೆಕ್ಕವನ್ನು ಇಂಟ್‌ನಲ್ಲಿ ಇಟ್ಟು ವರ್ಷಪೂರ್ತಿ ಕೂಡುತ್ತಿದ್ದೀರಿ. 32,767 ಸಲ ಎಂದರೆ 6,553.4 ಮಿ.ಮೀ. ಆಗುಂಬೆಯ ವರ್ಷದ ಸರಾಸರಿಯೇ 7,000 ಮಿ.ಮೀ. ದಾಟುತ್ತದೆ. ಹುಲಿಕಲ್ ಪಕ್ಕದ ನಿಮ್ಮಲ್ಲೂ ಒಳ್ಳೆಯ ಮಳೆಗಾಲದಲ್ಲಿ ಲೆಕ್ಕ ಋಣಕ್ಕೆ ಮಗುಚೀತು. ಬಯಲುಸೀಮೆಯವರು ಇದೇ ಕೋಡನ್ನು ವರ್ಷಗಟ್ಟಲೆ ನಿಶ್ಚಿಂತೆಯಿಂದ ಓಡಿಸಬಹುದು! ಎಷ್ಟು ಮಳೆ ಬೀಳುತ್ತದೆಂದು ಯಾವ ಟೂಲ್‌ಗೂ ತಿಳಿಯದು. ಲೆಕ್ಕವನ್ನು ಅನ್‌ಸೈನ್ಡ್ ಲಾಂಗ್ ಮಾಡಿ. ಎರಡನೆಯದು, ಇಂಟರಪ್ಟ್ (ಬಕೆಟ್ ಮಗುಚಿದ ಕೂಡಲೇ ನಡುವೆ ನುಗ್ಗಿ ಓಡುವ ಕೋಡ್) ಒಳಗೆ ಬದಲಾಗುವ ಆ ವೇರಿಯಬಲ್‌ಗೆ ವೊಲಟೈಲ್ ಎಂಬ ಪದ ಹಾಕಿಲ್ಲ. ಹಾಕದಿದ್ದರೆ ಕಂಪೈಲರ್ ಹಳೆಯ ಬೆಲೆಯನ್ನೇ ಹಿಡಿದು ಕೂರಬಹುದು. ಮೂರನೆಯದು, ಈ ಚಿಪ್ಪು ಒಂದು ಸಲಕ್ಕೆ ಒಂದು ಬೈಟ್ ಓದುತ್ತದೆ. ಓದುವ ನಡುವೆ ಬಕೆಟ್ ಮಗುಚಿದರೆ ಅರ್ಧ ಹಳೆಯದು, ಅರ್ಧ ಹೊಸದು ಸೇರಿ ಅಡ್ಡಾದಿಡ್ಡಿ ಸಂಖ್ಯೆ ಬರುತ್ತದೆ. ಓದುವ ಮುನ್ನ ನೋಇಂಟರಪ್ಟ್ಸ್, ಬೇರೆ ವೇರಿಯಬಲ್‌ಗೆ ನಕಲು, ಕೂಡಲೇ ಇಂಟರಪ್ಟ್ಸ್. ಮಗುಚಿದ್ದನ್ನು ಗುರುತಿಸುವ ರೀಡ್ ಸ್ವಿಚ್ ಕಂಪಿಸಿ ಒಂದು ಮಗುಚಿಗೆ ಎರಡು ಎಣಿಕೆಯಾಗುವ ತೊಂದರೆಯಂತೂ ಕೋಡ್ ಓದುವ ಟೂಲ್‌ನ ಪರಿಧಿಯಲ್ಲೇ ಇಲ್ಲ. ಬಕೆಟ್ಟಿಗೆ ಅಳೆದು ನೀರು ಹಾಕಿ ಎಣಿಕೆ ತಾಳೆ ನೋಡಬೇಕು.

ಪ್ರಶ್ನೆ: ಲ್ಯಾಬ್‌ನ ಎಲ್ಲ ಕಂಪ್ಯೂಟರ್‌ಗೂ ಹಾಕಬೇಕು, ನೆಟ್ ಇದ್ದೂ ಇಲ್ಲದಂತೆ. ಎಲ್ಲ ಆಯ್ಕೆ ಹಾಕಿ ಓಡಿಸಿದರೆ ಹುಡುಗರ ಸಣ್ಣ ಪ್ರೋಗ್ರಾಂಗೂ ಪುಟಗಟ್ಟಲೆ ದೂರು ಬರುತ್ತದೆ, ಅವರು ಓದುವುದನ್ನೇ ಬಿಟ್ಟಿದ್ದಾರೆ.
— ಪಾಲಿಟೆಕ್ನಿಕ್ ಉಪನ್ಯಾಸಕರು, ಭದ್ರಾವತಿ

ಉತ್ತರ: --ಎನೇಬಲ್=ಆಲ್ ಬೇಡವೇ ಬೇಡ. ಅದರಲ್ಲಿ ಬಳಸದ ಫಂಕ್ಷನ್, ಸಿಗದ ಹೆಡರ್, ಶೈಲಿಯ ಸಲಹೆ ಎಲ್ಲ ಸೇರಿವೆ. ಸಿಪಿಪಿಚೆಕ್ ಏನೂ ಆಯ್ಕೆ ಇಲ್ಲದೆ ಓಡಿದರೆ ಎರರ್ ಮಾತ್ರ ಹೇಳುತ್ತದೆ. ಮೊದಲ ಸೆಮಿಸ್ಟರ್‌ಗೆ ಅಷ್ಟೇ ಸಾಕು. ಮುಂದಿನವರಿಗೆ --ಎನೇಬಲ್=ವಾರ್ನಿಂಗ್,ಪೋರ್ಟಬಿಲಿಟಿ. ಅಸೈನ್‌ಮೆಂಟ್ ತಾನಾಗಿ ತಿರಸ್ಕೃತವಾಗಬೇಕೆಂದರೆ --ಎರರ್-ಎಕ್ಸಿಟ್‌ಕೋಡ್=1 ಸೇರಿಸಿ. ಅದಿಲ್ಲದೆ ತಪ್ಪು ಕಂಡರೂ ಟೂಲ್ 0 ಹಿಂತಿರುಗಿಸುತ್ತದೆ, ನಿಮ್ಮ ಸ್ಕ್ರಿಪ್ಟ್ ಎಲ್ಲರನ್ನೂ ಪಾಸ್ ಮಾಡುತ್ತದೆ. ಸುಳ್ಳು ಎಚ್ಚರಿಕೆ ಬಂದ ಸಾಲಿನ ಮೇಲೆ ಸಿಪಿಪಿಚೆಕ್-ಸಪ್ರೆಸ್ ಮತ್ತು ಆ ಎಚ್ಚರಿಕೆಯ ಹೆಸರನ್ನು ಕಾಮೆಂಟಿನಲ್ಲಿ ಬರೆದು --ಇನ್‌ಲೈನ್-ಸಪ್ರ್ ಆಯ್ಕೆ ಕೊಟ್ಟರೆ ಅದೊಂದು ಮಾತ್ರ ಸುಮ್ಮನಾಗುತ್ತದೆ. ಯಾಕೆ ಸುಳ್ಳು ಎಂಬ ಕಾರಣವನ್ನೂ ಅಲ್ಲೇ ಬರೆಸಿ.

ನೆಟ್ ಇಲ್ಲದ ಕಡೆಗೆ: ವಿಂಡೋಸ್‌ನ ಎಂಎಸ್‌ಐ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಮುಗಿಯಿತು. ಉಬುಂಟುವಿನಲ್ಲಿ ಹೊಸದಾಗಿ ಹಾಕಿದ, ನೆಟ್ ಇರುವ ಒಂದು ಯಂತ್ರದಲ್ಲಿ ಆಪ್ಟ್-ಗೆಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ ಸಿಪಿಪಿಚೆಕ್ ಎನ್ನಿ. ಫೈಲ್‌ಗಳು /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್‌ನಲ್ಲಿ ಸೇರುತ್ತವೆ. ಅವನ್ನು ಉಳಿದ ಯಂತ್ರಗಳಿಗೆ ಒಯ್ದು ಡಿಪಿಕೆಜಿ -ಐ ಮಾಡಿ. ಎಲ್ಲ ಯಂತ್ರಗಳಲ್ಲೂ ಒಂದೇ ಉಬುಂಟು ಆವೃತ್ತಿ ಇರಬೇಕು. ಡೌನ್‌ಲೋಡ್ ಮಾಡುವ ಯಂತ್ರದಲ್ಲಿ ಆಗಲೇ ಇರುವ ಅವಲಂಬನೆ ಪ್ಯಾಕೇಜ್‌ಗಳು ಇಳಿಯುವುದಿಲ್ಲ, ಹಳೆಯ ಯಂತ್ರ ಬೇಡ ಎಂದದ್ದು ಅದಕ್ಕೆ.

ಪ್ರಶ್ನೆ: ವಾಹನದ ಬಿಡಿಭಾಗಕ್ಕೆ ಕೋಡ್ ಬರೆಯುತ್ತೇವೆ. ಗ್ರಾಹಕರು ಮಿಸ್ರಾ ಸಿ (ಸುರಕ್ಷಿತ ಸಿ ಕೋಡಿಗೆ ವಾಹನ ಉದ್ಯಮ ರೂಪಿಸಿದ ನಿಯಮಾವಳಿ) ವರದಿ ಕೇಳುತ್ತಿದ್ದಾರೆ. ಪುಕ್ಕಟೆ ಟೂಲ್‌ನಲ್ಲಿ ಆಗುತ್ತದೆಯೇ?
— ಸಣ್ಣ ಉದ್ಯಮಿ, ಮಾಚೇನಹಳ್ಳಿ

ಉತ್ತರ: ಅಭ್ಯಾಸಕ್ಕೆ ಆಗುತ್ತದೆ, ಗ್ರಾಹಕರಿಗೆ ಒಪ್ಪಿಸಲು ಕಷ್ಟ. ಸಿಪಿಪಿಚೆಕ್‌ಗೆ --ಆಡಾನ್=ಮಿಸ್ರಾ ಕೊಟ್ಟರೆ 2012ರ ನಿಯಮಗಳಿಗೆ ತಾಳೆ ನೋಡುತ್ತದೆ. ಯಂತ್ರದಲ್ಲಿ ಪೈಥಾನ್ ಇರಬೇಕು. ವರದಿಯಲ್ಲಿ ನಿಯಮದ ನಂಬರ್ ಮಾತ್ರ ಬರುತ್ತದೆ, ವಾಕ್ಯ ಬರುವುದಿಲ್ಲ. ಪಠ್ಯಕ್ಕೆ ಹಕ್ಕುಸ್ವಾಮ್ಯ ಇದೆ. ದಾಖಲೆ ಕೊಂಡು, ಅದರಿಂದ ಪಠ್ಯ ಫೈಲ್ ಮಾಡಿಕೊಟ್ಟರೆ ವಾಕ್ಯವೂ ಬರುತ್ತದೆ. ಹೇಗಿದ್ದರೂ ದಾಖಲೆ ಕೊಳ್ಳಲೇಬೇಕು, ನಂಬರ್ ಹಿಡಿದು ಕೋಡ್ ತಿದ್ದುವುದು ಕುರುಡು ಕೆಲಸ.

2012ರ ಮೂಲ ದಾಖಲೆಯಲ್ಲಿ 143 ನಿಯಮ, 16 ನಿರ್ದೇಶನ. ನಿಯಮಗಳಲ್ಲೇ ಯಂತ್ರ ಖಚಿತವಾಗಿ ತೀರ್ಮಾನಿಸಬಲ್ಲವು ಮತ್ತು ತೀರ್ಮಾನಿಸಲಾಗದವು ಎಂದು ಎರಡು ಬಗೆ ಗುರುತಿಸಿದ್ದಾರೆ. ಹಾಗಾಗಿ ಯಾವ ಟೂಲ್ ಮಾರುವವರಾದರೂ "ನೂರಕ್ಕೆ ನೂರು" ಎಂದರೆ ಪ್ರಶ್ನೆ ಕೇಳಿ. ನಿಮ್ಮ ಕೋಡಿನಲ್ಲಿ ಮೊದಲ ದಿನವೇ ಹೆಚ್ಚು ಬರುವವು 17.7 (ಫಂಕ್ಷನ್ ಕೊಟ್ಟ ಉತ್ತರ ಬಳಸದೆ ಬಿಟ್ಟದ್ದು), 15.5 (ಒಂದು ಫಂಕ್ಷನ್‌ಗೆ ಒಂದೇ ನಿರ್ಗಮನ), 21.3 (ಮ್ಯಾಲಕ್ ಬಳಕೆ), 21.6 (ಪ್ರಿಂಟ್‌ಎಫ್ ಬಳಗ). 15.5 ಬರೀ ಸಲಹೆ. ಕಡ್ಡಾಯ ಗುಂಪಿನದನ್ನು ಮೀರುವಂತಿಲ್ಲ. ಅವೆರಡರ ನಡುವಿನ ಅಗತ್ಯ ಗುಂಪಿನದನ್ನು ಮೀರಿದರೆ ಕಾರಣ ಬರೆದ ದಾಖಲೆ ಬೇಕು. ಟೂಲ್ ಕೊಳ್ಳುವ ಮೊದಲು ಗ್ರಾಹಕರನ್ನೇ ಕೇಳಿ: ಯಾವ ವರ್ಷದ ಆವೃತ್ತಿ, ಯಾವ ಟೂಲ್‌ನ ವರದಿ ಒಪ್ಪುತ್ತೀರಿ ಎಂದು. ಪಿಸಿ-ಲಿಂಟ್ ಪ್ಲಸ್‌ನಂಥ ಮಾರಾಟದ ಟೂಲ್‌ಗಳಿಗೆ ದುಡ್ಡು ಹಾಕಿದ ಮೇಲೆ ಕೇಳಿದರೆ ತಡವಾಯಿತು.

ಚುಟುಕಾಗಿ

*ಲಿಂಟ್ ಈಗಲೂ ಸಿಗುತ್ತದೆಯೇ?* (ಕೊಪ್ಪ) 1978ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ಬರೆದ ಲಿಂಟ್ ಈ ಟೂಲ್‌ಗಳ ಮೂಲಪುರುಷ. ನೆಟ್‌ಬಿಎಸ್‌ಡಿಯಲ್ಲಿ ಅದರ ಸಂತತಿ ಇನ್ನೂ ಜೀವಂತ. ಫ್ರೀಬಿಎಸ್‌ಡಿಯಲ್ಲಾದರೆ ಕ್ಲಾಂಗ್ ಮೊದಲೇ ಇರುತ್ತದೆ, ಪಿಕೆಜಿ ಇನ್‌ಸ್ಟಾಲ್ ಸಿಪಿಪಿಚೆಕ್ ಎಂದರೆ ಉಳಿದದ್ದೂ ಆಯಿತು.

*ಸ್ಪ್ಲಿಂಟ್ ಬಳಸಬಹುದೇ?* (ಸೊರಬ) ಬೇಡ. ಕೊನೆಯ ಬಿಡುಗಡೆ 2007ರದು. ಬ್ಲಾಕಿನ ನಡುವೆ ವೇರಿಯಬಲ್ ಘೋಷಿಸಿದರೆ ಪಾರ್ಸ್ ಎರರ್ ಎಂದು ನಿಂತುಬಿಡುತ್ತದೆ.

*ಲಿನಕ್ಸ್ ಕರ್ನಲ್ ಡ್ರೈವರ್ ಬರೆಯುವವರಿಗೆ?* (ಶಿವಮೊಗ್ಗ) ಸ್ಪಾರ್ಸ್. ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ಶುರು ಮಾಡಿದ್ದು. ಮೇಕ್ ಸಿ=1 (ಸಿ ದೊಡ್ಡಕ್ಷರ) ಎಂದರೆ ಹೊಸದಾಗಿ ಕಂಪೈಲ್ ಆಗುವ ಫೈಲ್‌ಗಳನ್ನು, ಸಿ=2 ಎಂದರೆ ಎಲ್ಲವನ್ನೂ ನೋಡುತ್ತದೆ. ಯೂಸರ್ ಮೆಮೊರಿಯ ಪಾಯಿಂಟರನ್ನು ನೇರ ಬಳಸಿದರೆ ಹಿಡಿಯುತ್ತದೆ.

*ಇನ್ಫರ್ ಎಂಬ ತಪಾಸಣೆ ಟೂಲ್ ವಿಂಡೋಸ್‌ನಲ್ಲಿ ಓಡೀತೇ?* (ಭದ್ರಾವತಿ) ನೇರವಾಗಿ ಇಲ್ಲ. ಡಬ್ಲ್ಯೂಎಸ್‌ಎಲ್ (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗೆ ಲಿನಕ್ಸ್ ಹಾಕಿಕೊಂಡು ಓಡಿಸಿ. ಫ್ರಾಮಾ-ಸಿ ಎಂಬ ಟೂಲ್‌ಗೂ ಅದೇ ದಾರಿ.

*ಮೂರೂ ಟೂಲ್ ತಪ್ಪಿಲ್ಲ ಎಂದವು, ಆದರೂ ಕ್ರ್ಯಾಶ್.* (ಶಿಕಾರಿಪುರ) ಈಗ ಓಡಿಸಿಯೇ ನೋಡಬೇಕು. ಲಿನಕ್ಸ್‌ನಲ್ಲಿ ಜಿಸಿಸಿ ಅಥವಾ ಕ್ಲಾಂಗ್‌ಗೆ -ಜಿ -ಎಫ್‌ಸ್ಯಾನಿಟೈಜ್=ಅಡ್ರೆಸ್,ಅನ್‌ಡಿಫೈನ್ಡ್ ಕೊಟ್ಟು ಕಂಪೈಲ್ ಮಾಡಿ, ಕ್ರ್ಯಾಶ್ ಆಗುವ ಇನ್‌ಪುಟ್ಟನ್ನೇ ಕೊಡಿ. ತಪ್ಪಿದ ಸಾಲು, ಆ ಮೆಮೊರಿ ಎಲ್ಲಿ ಪಡೆದದ್ದು, ಎಲ್ಲಿ ಫ್ರೀ ಆದದ್ದು ಎಲ್ಲ ಬರುತ್ತದೆ. ಮ್ಯಾಕ್‌ನಲ್ಲೂ ಇದೇ ಆಯ್ಕೆ ನಡೆಯುತ್ತದೆ. ಆದರೆ ಆಪಲ್ ಕ್ಲಾಂಗ್ ಸೋರಿಕೆ ಹೇಳುವುದಿಲ್ಲ, ಅದಕ್ಕೆ ಲೀಕ್ಸ್ --ಅಟ್‌ಎಕ್ಸಿಟ್ -- ಎಂದು ಬರೆದು ಪ್ರೋಗ್ರಾಂ ಹೆಸರು (ಎಕ್ಸಿಟ್‌ನ ಮೊದಲಕ್ಷರ ದೊಡ್ಡದು). ವಿಂಡೋಸ್‌ನ ಮಿನ್‌ಜಿಡಬ್ಲ್ಯೂ ಜಿಸಿಸಿಯಲ್ಲಿ ಅಡ್ರೆಸ್ ಸ್ಯಾನಿಟೈಜರ್ ಇಲ್ಲ, ವಿಷುವಲ್ ಸ್ಟುಡಿಯೊ 2019ರ 16.9ರಿಂದ ಈಚೆಗೆ ಇದೆ. ಆರ್ಡುಯಿನೊ ಬೋರ್ಡಿನ ಮೇಲೆ ಇದು ಯಾವುದೂ ಓಡದು. ಲೆಕ್ಕದ ಭಾಗವನ್ನು ಬೇರೆ ಸಿ ಫೈಲ್ ಮಾಡಿ, ಇಂಟ್ ಬದಲು ಇಂಟ್16_ಟಿ ಎಂದು ಅಳತೆ ಹೇಳಿ ಬರೆದು, ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿ.